ದೀಪಗಳಿಗೆ ಕೂದಲು

೧

"ನಿನ್ನ ಕಣ್ಣು ನಾನೇ ನೋಡ್ತೀನಿ. ಬೇರೆ ಯಾರ ಕೈಗೂ ಕೊಡಲ್ಲ."

ಬಹಳ ಹಿಂದೆ ಒಬ್ಬ ತಾಯಿ ತನ್ನ ಮಗಳಿಗೆ ಹೀಗೆ ಮಾತು ಕೊಟ್ಟಳು. ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಕಣ್ಣು ಪರೀಕ್ಷಿಸುವ ಎತ್ತರದ ಕುರ್ಚಿಯ ಮೇಲೆ ಮಗಳು ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಕ್ಷರ ಇನ್ನೂ ಬಾರದ ವಯಸ್ಸು. ಆದರೂ ಎದುರು ಗೋಡೆಯ ಚಾರ್ಟನ್ನು ತಾನೂ ಓದಬೇಕು, ಗಿರಾಕಿಗಳ ಮೂಗಿನ ಮೇಲೆ ಕೂರುವ ಆ ಭಾರದ ಗುಂಡು ಫ್ರೇಮು ತನಗೂ ಬೇಕು ಅಂತ ಹಟ. ತಾಯಿ ತೊಡಿಸಿದಳು. ಫ್ರೇಮು ಜಾರಿ ಗಲ್ಲಕ್ಕೆ ಬಂತು. "ದೊಡ್ಡವಳಾಗು, ಆಮೇಲೆ" ಅಂದು, ಸಮಾಧಾನಕ್ಕೆ ತಾಯಿ ಆ ಮಾತು ಕೊಟ್ಟಳು.

ಹೀಗೆ ಶುರು ಮಾಡಬಹುದೇ? ಬೇಡ ಅನ್ನಿಸುತ್ತದೆ. "ಬಹಳ ಹಿಂದೆ ಒಬ್ಬ ತಾಯಿ" ಅಂದ ಕೂಡಲೇ ಅವಳು ಯಾರೋ ಪಾಪದ ಹೆಂಗಸು ಅನ್ನುವ ಹಾಗಾಗುತ್ತದೆ. ನೀವೂ ಅವಳನ್ನು ಕ್ಷಮಿಸುವ ಮೂಡಿಗೆ ಬಂದುಬಿಡುತ್ತೀರಿ. ಅವಳು ನಾನೇ. ಕ್ಷಮೆಯ ವಿಷಯ ಆಮೇಲೆ ನೋಡೋಣ.

೨ (ಅಥವಾ ಮತ್ತೆ ೧)

ವಿಷಯ ಏನೆಂದರೆ, ನನಗೆ ಅರ್ಜೆಂಟಾಗಿ ಒಂದು ಸಿದ್ಧಾಂತ ಬೇಕಾಗಿದೆ.

ಪತ್ರಿಕೆಯ ಸಂಪಾದಕಿ ಫೋನ್ ಮಾಡಿದ್ದರು. "ಈ ಸಲ ಕಥೆ ಬೇಡ ಮೇಡಂ. ನಿಮ್ಮ ಸೃಜನಶೀಲ ಬದುಕಿನ ಬಗ್ಗೆ ನಿಮ್ಮದೇ ಒಂದು ಥಿಯರಿ ಬರ್ಕೊಡಿ. ಅಂಗಡಿ ಕೆಲಸ, ಮನೆ, ಮಗು, ಇದರ ಮಧ್ಯೆ ಹೇಗೆ ಬರೀತೀರ ಅಂತ. ಆ ದೀಪಕ್ಕೆ ಕೂದಲು ಬರೋದು ಇದೆಯಲ್ಲ, ಅದು ಎಲ್ಲಿಂದ ಬಂತು ಅಂತ ಹೇಳಿದ್ರೂ ಸಾಕು, ಓದುಗರು ಬಿದ್ದುಹೋಗ್ತಾರೆ."

ನನ್ನ ಹಿಂದಿನ ಕಥೆಯಲ್ಲಿ ಒಂದು ಪುಟ್ಟ ಮಗು ಸಂಜೆ ಬಾಲ್ಕನಿಗೆ ಬಂದು ಬೀದಿ ನೋಡುತ್ತದೆ. "ಅಮ್ಮಾ, ದೀಪಗಳಿಗೆಲ್ಲ ಕೂದಲು ಬಂದಿದೆ" ಅನ್ನುತ್ತದೆ. ಇಡೀ ಕಥೆಯಲ್ಲಿ ಜನ ನೆನಪಿಟ್ಟುಕೊಂಡದ್ದು ಅದೊಂದೇ ಸಾಲು. ಉಳಿದದ್ದನ್ನೆಲ್ಲ ನಾನು ಬರೆದಿದ್ದೆ.

ಆ ಸಾಲು ಪಿಳಿಪಿಳಿಯದು. ಪಿಳಿಪಿಳಿ ಅಂದರೆ ನನ್ನ ಮಗಳು, ಆ ಎತ್ತರದ ಕುರ್ಚಿಯವಳೇ. ಈಗ ಹೈಸ್ಕೂಲು. ಸದಾ ಕಣ್ಣು ಪಿಳಿಪಿಳಿ ಮಾಡುತ್ತಾಳೆಂದು ಆ ಹೆಸರು ಇಟ್ಟದ್ದು ನಾನೇ. ಈಚೆಗೆ ಇಟ್ಟದ್ದು. ಕಥೆಯಲ್ಲಿ ಅವಳ ವಯಸ್ಸನ್ನು ಬೇಕೆಂದೇ ಇಳಿಸಿದೆ. ಅಷ್ಟು ದೊಡ್ಡ ಹುಡುಗಿ ಹಾಗಂದರೆ ಓದುಗರಿಗೆ ಏನೋ ಅನುಮಾನ ಬರುತ್ತಿತ್ತು.

(ಈ ಕೊನೆಯ ವಾಕ್ಯವನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಯಿತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ನಿಮ್ಮಲ್ಲಿ ಕೆಲವರಿಗೆ ಆಗಲೇ ಗೊತ್ತಾಗಿರಬಹುದು. ನೀವು ನನಗಿಂತ ಒಳ್ಳೆಯ ತಾಯಂದಿರು.)

೩

ಸಿದ್ಧಾಂತದ ಮೊದಲ ಕರಡು. ದನಿ ಗಂಭೀರ. ನಗಬೇಡಿ.

ಸೂತ್ರ ಒಂದು: ಬರೆಯುವವಳಿಗೆ ಪುರುಸೊತ್ತು ಬೇಡ, ಕಿವಿ ಬೇಕು.

ಸೂತ್ರ ಎರಡು: ಉಪಮೆಯನ್ನು ಹುಡುಕಿಕೊಂಡು ಹೋಗಬಾರದು. ಅದು ಒಗೆಯುವ ಬಟ್ಟೆಯ ರಾಶಿಯಲ್ಲಿ, ತೊಳೆಯದ ತಟ್ಟೆಯ ಪಕ್ಕದಲ್ಲಿ ತಾನಾಗಿಯೇ ಬಿದ್ದಿರುತ್ತದೆ.

ಸೂತ್ರ ಮೂರು: ಬರೆಯುವವಳ ಮನೆಯಲ್ಲಿ ಯಾವುದೂ ವ್ಯರ್ಥವಲ್ಲ.

ಮೂರನೆಯದನ್ನು ಬರೆದಾಗ ನನ್ನ ಬಗ್ಗೆ ನನಗೇ ಎಷ್ಟು ಅಭಿಮಾನ ಉಕ್ಕಿತೆಂದರೆ, ಎದ್ದು ಹೋಗಿ ಒಂದು ಲೋಟ ನೀರು ಕುಡಿಯಬೇಕಾಯಿತು. ಬರೆದದ್ದು ಲೆನ್ಸಿನ ಕವರುಗಳ ಮೇಲೆ. ಅಂಗಡಿಗೆ ಲೆನ್ಸು ಬರುವುದು ಅಂಗೈಯಗಲದ ಬಿಳಿ ಕಾಗದದ ಕವರಿನಲ್ಲಿ. ಮೇಲೊಂದು ಬದಿಗೆ ಪವರಿನ ನಂಬರು, ಹಿಂದೆ ಖಾಲಿ. ಲೆನ್ಸು ಫ್ರೇಮಿಗೆ ಹೋದ ಮೇಲೆ ಅಂಗಡಿಯ ಯಜಮಾನರು ಕವರು ಎಸೆಯುತ್ತಾರೆ, ನಾನು ಬ್ಯಾಗಿಗೆ ಹಾಕಿಕೊಳ್ಳುತ್ತೇನೆ. ಹೀಗಾಗಿ ನನ್ನ ಸಾಹಿತ್ಯದ ಪ್ರತಿಯೊಂದು ಸಾಲಿನ ಬೆನ್ನಿಗೂ ಯಾರದೋ ಒಬ್ಬರ ಕಣ್ಣಿನ ನಂಬರಿದೆ. ಸಂಪಾದಕಿಗೆ ಇದನ್ನು ಹೇಳಿದರೆ ಕುಣಿದಾಡುತ್ತಾರೆ. ಆದ್ದರಿಂದ ಹೇಳುವುದಿಲ್ಲ. (ಹೇಳಿಬಿಟ್ಟೆ.)

೪

ಸೂತ್ರ ನಾಲ್ಕು ಆಗಬೇಕಿದ್ದದ್ದು ಇದು.

ನಮ್ಮ ಭಾಷೆಯಲ್ಲಿ ಒಂದು ಸೌಲಭ್ಯವಿದೆ. ಯಾರಾದರೂ ಕರೆದರೆ ಕೂತಲ್ಲೇ ಕೂತು "ಬಂದೆ" ಅನ್ನಬಹುದು. ಬರುತ್ತೇನೆ ಅಲ್ಲ, ಬರುತ್ತಿದ್ದೇನೆ ಅಲ್ಲ, ಬಂದೆ. ಇನ್ನೂ ಆಗದ್ದನ್ನು ಆಗಿಹೋಯಿತು ಅಂತ ಹೇಳುವುದು. ಕಥೆ ಬರೆಯುವವರು ಮಾಡುವುದೂ ಅದನ್ನೇ. ನಡೆಯದ್ದನ್ನು "ನಡೆಯಿತು" ಅನ್ನುತ್ತಾರೆ, ನಾಚಿಕೆ ಇಲ್ಲದೆ. ಕನ್ನಡದಲ್ಲಿ ಮೊಟ್ಟಮೊದಲ ಕಥೆ ಹೇಳಿದವರು ಯಾರೋ ಕರೆದದ್ದಕ್ಕೆ ಒಳಗಿನಿಂದ "ಬಂದೆ" ಅಂದವರೇ ಇರಬೇಕು.

ಎಷ್ಟು ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಇದನ್ನು ಕವರಿನ ಮೇಲೆ ಗೀಚುತ್ತಿದ್ದಾಗ ಅಡುಗೆಮನೆಯಿಂದ ಪಿಳಿಪಿಳಿ ಊಟಕ್ಕೆ ಕರೆದಳು.

"ಬಂದೆ" ಅಂದೆ.

ಅವಳು ಅವರಪ್ಪನಿಗೆ ಹೇಳಿದ್ದು ಕೇಳಿಸಿತು: "ಬಂದೆ ಅಂದ್ಲು. ಅಂದ್ರೆ ಬರಲ್ಲ. ನೀನು ಬಡಿಸ್ಕೋ ಅಪ್ಪ."

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಾರೆ. ಇಡೀ ದಿನ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರ ಬೊಬ್ಬೆ ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. "ನಿಮ್ಮಮ್ಮ ಮೂರನೇ ಫ್ಲೋರಿನಲ್ಲಿ ನಿಂತಿದಾಳೆ, ಕೆಳಗೆ ಬರೋಕೆ ಟೈಮ್ ಬೇಕು" ಅಂದರು. ಇಬ್ಬರೂ ನಕ್ಕರು. ನಾನೂ ಇಲ್ಲಿಂದ ನಕ್ಕೆ. ನಕ್ಕು, ಅದನ್ನೂ ಬರೆದುಕೊಂಡೆ.

೫

ಇಲ್ಲಿ ಅಂಗಡಿಯ ಒಂದು ದೃಶ್ಯ ಬೇಕು. ನಾನು ಕೆಲಸ ಗೊತ್ತಿರುವವಳು ಅಂತ ನಿಮಗೆ ತೋರಿಸದಿದ್ದರೆ ಮುಂದಿನದು ಬರೀ ಮರೆವು ಅನ್ನಿಸಿಬಿಡುತ್ತದೆ. ಮರೆವು ಅನ್ನಿಸಿದರೆ ನನಗೆ ಅನುಕೂಲ, ಕಥೆಗೆ ಅನ್ಯಾಯ.

ಟ್ಯಾಕ್ಸಿ ಓಡಿಸುವ ಹೆಂಗಸು ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಪರೀಕ್ಷೆಗೆ ಬಂದವರ ಹಾಗೆ ಬೆವರು. ಎಲ್ಲರೂ ಹಾಗೇ. ತಪ್ಪು ಉತ್ತರ ಹೇಳಿದರೆ ಕಣ್ಣು ಫೇಲಾಗುತ್ತದೆ ಅಂದುಕೊಂಡಿರುತ್ತಾರೆ.

"ಏನು ತೊಂದರೆ?"

"ಎದುರಿಂದ ಬರೋ ಗಾಡಿ ಲೈಟೆಲ್ಲ ಪೊರಕೆ ಥರ ಕಾಣುತ್ತೆ ಮೇಡಂ. ಪೊರಕೆ ಬಿಚ್ಚಿ ಹರಡಿದ ಹಾಗೆ."

"ಯಾವ ಕಡೆಗೆ ಹರಡುತ್ತೆ? ಮೇಲಕ್ಕೂ ಕೆಳಕ್ಕೂನಾ, ಅಡ್ಡಕ್ಕಾ?"

"ಓರೆ. ನಮ್ಮತ್ತೆ ಮೂಲೆಗೆ ಒರಗಿಸ್ತಾರಲ್ಲ, ಹಾಗೆ."

ಕಣ್ಣಿನ ಮುಂಭಾಗದ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಬೆಳಕು ಒಂದು ಬಿಂದುವಿಗೆ ಬಂದು ನಿಲ್ಲುವುದಿಲ್ಲ, ಒಂದು ಕಡೆಗೆ ಚೆಲ್ಲುತ್ತದೆ. ಅದಕ್ಕೆ ಸಿಲಿಂಡರ್ ಅನ್ನುವ ಪವರು ಬೇಕು. ಆ ಲೆನ್ಸನ್ನು ಫ್ರೇಮಿನಲ್ಲಿಟ್ಟು ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ ತಿರುಗಿಸುತ್ತಾ ಹೋಗುವುದು. ಸರಿಯಾದ ಜಾಗ ಸಿಕ್ಕಿದ ಕೂಡಲೇ ಗಿರಾಕಿಯ ಭುಜ ಇಳಿಯುತ್ತದೆ. ಬಾಯಿಂದ ಹೇಳುವ ಮೊದಲು ಭುಜ ಹೇಳುತ್ತದೆ.

"ಇದರಲ್ಲಿ ಚೆನ್ನಾಗಿದೆಯಾ... ಇದರಲ್ಲಾ?"

"ಹಾಂ! ಪೊರಕೆ ಹೋಯ್ತು!"

ನಂಬರು ಬರೆದೆ. ಪೊರಕೆಯನ್ನು ಬರೆದುಕೊಳ್ಳಲಿಲ್ಲ. ಆಹಾ ಎಂಥ ಉಪಮೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಪೊರಕೆ ಅಂದರೆ ರೋಗಲಕ್ಷಣ, ಅಷ್ಟೇ. ಆಮೇಲೆ ಮನೆಗೆ ಹೋಗಿ, ದೀಪಗಳಿಗೆ ಕೂದಲು ಬಂದದ್ದು ಹೇಗೆ ಅಂತ ಸಿದ್ಧಾಂತ ಬರೆಯಲು ಕೂತೆ.

ಗಿರಾಕಿಯ ಉಪಮೆಗೆ ಪವರು ಕೊಟ್ಟೆ. ಮಗಳ ಉಪಮೆಗೆ ಪ್ಯಾರಾ ಕೊಟ್ಟೆ.

(ಈ ಸಾಲು ಬರೆದು ನೋಡಿದರೆ ಚೆನ್ನಾಗಿಯೇ ಬಂದಿದೆ. ನಾಚಿಕೆಯೂ ಇಷ್ಟು ಚೆನ್ನಾಗಿ ಬರುತ್ತದೆ ಅಂದರೆ ಅದನ್ನು ನಂಬುವುದು ಹೇಗೆ?)

೬

ಈ ಭಾಗವನ್ನು ಹರಿದು ಹಾಕಿದೆ. ನನ್ನ ಅಮ್ಮನ ಮೇಲೆ ತಪ್ಪು ಹೊರಿಸಲು ನೋಡಿತ್ತು.

೭

ರಜೆಯ ದಿನ ಮಧ್ಯಾಹ್ನ. ನಾನು ಮೇಜಿನ ಹತ್ತಿರ. ಅಪ್ಪ, ಮಗಳು ಹೊರಗೆ ಹೋಗಿದ್ದವರು ಬಂದರು. ಚಪ್ಪಲಿ ಬಿಟ್ಟ ಸದ್ದು. ಮಗಳು ಬಂದು ನನ್ನ ಎದುರು ನಿಂತಳು.

"ಅಮ್ಮ, ಇಲ್ಲಿ ನೋಡು."

"ಬಂದೆ. ಇದೊಂದು ಸಾಲು."

ನಾನು ಆಗ ಬರೆಯುತ್ತಿದ್ದ ಸಾಲು: ಬರೆಯುವವಳು ಎಂದರೆ ನೋಡುವವಳು.

(ಇಲ್ಲ. ಇದು ತೀರಾ ನೀಟಾಗಿ ಕೂತುಬಿಟ್ಟಿತು. ನಿಜ ಹೇಳುತ್ತೇನೆ, ಆಗ ನಾನು ಯಾವ ಸಾಲನ್ನೂ ಬರೆಯುತ್ತಿರಲಿಲ್ಲ. ಒಂದು ಕಡೆ ಅಲ್ಪವಿರಾಮ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದೆ. ಮಗಳನ್ನು ನಿಲ್ಲಿಸಿಕೊಂಡದ್ದು ಒಂದು ಅಲ್ಪವಿರಾಮಕ್ಕೆ.)

ತಲೆಯೆತ್ತಿದಾಗ ಅವಳು ಕನ್ನಡಕ ಹಾಕಿಕೊಂಡಿದ್ದಳು. ಕಂದು ಬಣ್ಣದ ಫ್ರೇಮು. ಅವಳ ಮುಖಕ್ಕೆ ಒಪ್ಪುತ್ತಿತ್ತು. ಕಣ್ಣು ಪಿಳಿಪಿಳಿ ಮಾಡುತ್ತಿರಲಿಲ್ಲ.

"ಯಾರದು ಇದು?" ಅಂತ ಕೇಳಿದೆ. ನೋಡಿ, ಆಗಲೂ ಯಾರದೋ ಗೆಳತಿಯದು ಅಂದುಕೊಂಡೆ.

"ನಂದೇ."

"ನಿಮ್ಮ ಅಂಗಡಿ ಎದುರು ಸಾಲಿನ ಕನ್ನಡಕದವನ ಹತ್ರ ಮಾಡಿಸಿದ್ವಿ" ಅಂದರು ನಮ್ಮನೆಯವರು, ಲಿಫ್ಟ್ ಕೆಟ್ಟ ಬಿಲ್ಡಿಂಗಿನವರಿಗೆ ಹೇಳುವ ದನಿಯಲ್ಲಿ. "ಗಾಬರಿ ಏನಿಲ್ಲ. ಎರಡೂ ಕಣ್ಣಿಗೆ ಸಿಲಿಂಡರ್ ಅಂತೆ."

ಸಿಲಿಂಡರ್ ಲೆನ್ಸು ಅವತ್ತೇ ಕೈಗೆ ಸಿಗುವುದಿಲ್ಲ. ಟೆಸ್ಟ್ ಮಾಡಿ, ಆರ್ಡರ್ ಕೊಟ್ಟು, ಕಾಯಬೇಕು. ಅಂದರೆ ಇವರು ಆಗಲೇ ಒಮ್ಮೆ ಹೋಗಿ ಬಂದಿದ್ದರು. ಅಂದರೆ ಆಮೇಲೂ ನಾವು ಮೂವರೂ ಎದುರುಬದುರು ಕೂತು ಊಟ ಮಾಡಿದ್ದೆವು. ನಾನು "ಏನು ವಿಶೇಷ ಇವತ್ತು?" ಅಂತ ಕೇಳಿದ್ದೆ, ಅವಳು "ಏನಿಲ್ಲ" ಅಂದಿದ್ದಳು. ಬೇರೆ ತಾಯಂದಿರಿಗೆ ಈ ಲೆಕ್ಕ ಹೊಳೆಯುವುದಿಲ್ಲ. ನನಗೆ ನಿಂತ ನಿಲುವಿನಲ್ಲೇ ಹೊಳೆಯಿತು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ" ಅಂದಳು ಪಿಳಿಪಿಳಿ. "ನೀನು ಬರ್ಕೊಂಡೆ."

೮ (ಪಾತ್ರದ ತಕರಾರು)

ಇಲ್ಲಿಯವರೆಗಿನದನ್ನು ಅವಳಿಗೆ ಓದಲು ಕೊಟ್ಟೆ. ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಬೇಕಂತಲೇ ಮಾಸ್ತರರ ಥರ ಓದಿದಳು.

"ನಾನು ಹಾಗನ್ನಲಿಲ್ಲ."

"ಯಾವುದು?"

"'ಹೇಳಿದ್ದೆ' ಅಂದೆ. ಅಷ್ಟೇ. ಅಂದು ಕೈ ತೊಳೆಯೋಕೆ ಹೋದೆ. 'ನೀನು ಬರ್ಕೊಂಡೆ' ಅನ್ನೋದು ನೀನು ಸೇರಿಸಿದ್ದು."

"ಅಂದೆ ಅಂತ ನನಗೆ ನೆನಪು."

"ಅನ್ನಲಿಲ್ಲ ಅಮ್ಮ. ಅಷ್ಟು ಒಳ್ಳೇ ಡೈಲಾಗು ನನಗೆ ಆಗ ಹೊಳೀಲೇ ಇಲ್ಲ. ಹೊಳೆದಿದ್ರೆ ಖಂಡಿತ ಅಂತಿದ್ದೆ."

ಅವಳ ಮಾತೇ ಸರಿ. ಅವಳು ಬರೀ "ಹೇಳಿದ್ದೆ" ಅಂದಳು. ಆ ಬರಿಯ ಮಾತು ನನಗೆ ಸಾಲಲಿಲ್ಲ. ಬೈಸಿಕೊಳ್ಳುವುದಾದರೂ ಚೆನ್ನಾಗಿ ಬೈಸಿಕೊಳ್ಳೋಣ ಅಂತ ನಾನೇ ನನ್ನ ಕೆನ್ನೆಗೆ ಒಂದು ವಾಕ್ಯ ಬಾರಿಸಿಕೊಂಡೆ, ಅದನ್ನೂ ಅವಳ ಕೈಯಿಂದ.

"ತೆಗೆದುಬಿಡ್ಲಾ?"

"ಇರಲಿ ಬಿಡು. ಚೆನ್ನಾಗಿದೆ." ಆಮೇಲೆ ಕೇಳಿದಳು: "ಇದನ್ನೂ ಕಳಿಸ್ತೀಯಾ ಅವರಿಗೆ?"

"ನೀನು ಬೇಡ ಅಂದ್ರೆ ಇಲ್ಲ."

"ಬೇಡ ಅಂದ್ರೆ, ಬೇಡ ಅಂದಳು ಅಂತ ಬರೀತೀಯ."

೯

ಇನ್ನು ಬರುವುದನ್ನು ಬರೆಯದೇ ಇರಬಹುದಿತ್ತು. ಯಾರೂ ನೋಡಿಲ್ಲ.

ಮರುದಿನವೂ ಅವಳಿಗೆ ರಜೆ. ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ "ಮೂಗಿನ ಹತ್ರ ಸ್ವಲ್ಪ ಲೂಸ್ ಇದೆ, ಕೊಡು, ಟೈಟ್ ಮಾಡಿ ಮಧ್ಯಾಹ್ನ ತಂದುಕೊಡ್ತೀನಿ" ಅಂದೆ. ಲೂಸ್ ಇರಲಿಲ್ಲ. ಅವಳು ಕೊಟ್ಟಳು. "ಬೇಗ ತಾ ಅಮ್ಮ, ನನಗೆ ಕಾಣಲ್ಲ" ಅಂದಳು. ನನಗೆ ಕಾಣಲ್ಲ. ಎಷ್ಟು ಸಲೀಸಾಗಿ ಅಂದಳು. ಈ ಒಂದು ಮಾತನ್ನು, ಯಾವ ಕೂದಲೂ ಉಪಮೆಯೂ ಇಲ್ಲದೆ, ಇದುವರೆಗೆ ಅವಳು ನನ್ನ ಹತ್ತಿರ ಆಡಿರಲಿಲ್ಲ.

ಅಂಗಡಿಯಲ್ಲಿ ಪವರು ಅಳೆಯುವ ಮೆಷಿನ್ನಿಗೆ ಆ ಕನ್ನಡಕವನ್ನು ಇಟ್ಟೆ. ಯಾಕೆ ಇಟ್ಟೆ ಅಂದರೆ, ತಪ್ಪಿರಲಿ ಅಂತ. ಎದುರು ಸಾಲಿನವನು ಲೆನ್ಸಿನ ತಿರುವನ್ನು ಒಂದಿಷ್ಟು ಆಚೀಚೆ ಮಾಡಿರಲಿ, ಅವಳಿಗೆ ಸಣ್ಣಗೆ ತಲೆನೋವು ಬರಲಿ, ಆಗ ನಾನು "ಬಾ ಮಗಳೇ" ಅಂತ ಆ ಕುರ್ಚಿಯಲ್ಲಿ ಕೂರಿಸಿ, ಗುಂಡು ಫ್ರೇಮು ತೊಡಿಸಿ, ಮಾತು ಉಳಿಸಿಕೊಳ್ಳಬಹುದು. ನನ್ನ ಮಗಳ ಕಣ್ಣಿನಲ್ಲಿ ಒಂದು ತಪ್ಪು ಉಳಿದಿರಲಿ ಅಂತ ನಾನು ಬಯಸಿದೆ. ಹೀಗೆ ಬಯಸಿದ್ದು ಕಥೆಗಾರ್ತಿಯಲ್ಲ. ತಾಯಿ.

ಕನ್ನಡಕದ ಡಬ್ಬಿಯಲ್ಲಿದ್ದ ಅವನ ಟೆಸ್ಟಿನ ಚೀಟಿಯ ಜೊತೆ ನಂಬರು ತಾಳೆ ನೋಡಿದೆ. ಬಲಗಣ್ಣು ಸರಿ. ಎಡಗಣ್ಣು ಸರಿ. ತಿರುವು ಎರಡೂ ಸರಿ. ನಾನು ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

ಯಜಮಾನರು ಹಿಂದಿನಿಂದ ಬಂದು "ಯಾರದಮ್ಮ? ನಮ್ಮ ಫ್ರೇಮಲ್ಲ ಇದು" ಅಂದರು.

"ಪರಿಚಯದ ಹುಡುಗಿ" ಅಂದೆ.

ಎರಡು ಪದ. ಇಡೀ ಸಿದ್ಧಾಂತದಲ್ಲಿ ಅಷ್ಟು ಚಿಕ್ಕದಾದ, ಅಷ್ಟು ನಿಖರವಾದ ವಾಕ್ಯ ಇನ್ನೊಂದಿಲ್ಲ.

೧೦

ಆ ದಿನ ಸಂಜೆ ಬಾಲ್ಕನಿಯಲ್ಲಿ ಇಬ್ಬರೂ ನಿಂತಿದ್ದೆವು. ಕೆಳಗೆ ಬೀದಿ. ದೀಪಗಳು ಒಂದೊಂದಾಗಿ ಹತ್ತಿಕೊಂಡವು. ನನ್ನ ಕೈಯಲ್ಲಿ ಪೆನ್ನಿರಲಿಲ್ಲ. (ಅಡುಗೆಮನೆಯ ಕಿಟಕಿಯ ಮೇಲಿತ್ತು. ಎಲ್ಲಿತ್ತು ಅಂತ ನನಗೆ ಗೊತ್ತಿತ್ತು.)

"ಈಗ ಹೇಗೆ ಕಾಣುತ್ತೆ?"

"ದೀಪದ ಥರ."

"ದೀಪದ ಥರ ಅಂದ್ರೆ?"

"ಅಮ್ಮ, ದೀಪ ದೀಪದ ಥರ ಕಾಣುತ್ತೆ. ಇನ್ನೇನು ಕಾಣ್ಬೇಕು?"

ನನ್ನೊಳಗೆ ಏನೋ ಚೂರು ಕುಸಿಯಿತು. ಅದು ಪಶ್ಚಾತ್ತಾಪ ಅಂತ ಬರೆಯಬಹುದು, ನೀವು ನಂಬುತ್ತೀರಿ. ಅದು ಬೇಸರ. ಒಂದು ಒಳ್ಳೆಯ ಬಾವಿ ಬತ್ತಿಹೋಯಿತಲ್ಲ ಅನ್ನುವ ಬೇಸರ. ಬೋರ್ಡಿನ ಮೇಲಿನ ಅಕ್ಷರಗಳಿಗೆಲ್ಲ ನೆರಳು ಹುಟ್ಟಿದೆ ಅಂದಿದ್ದಳು. ಚಂದ್ರನ ಬೆನ್ನಿಗೆ ಇನ್ನೊಂದು ಚಂದ್ರ ಅಂಟಿಕೊಂಡಿದೆ ಅಂದಿದ್ದಳು. ಎರಡನ್ನೂ ಮುಂದಿನ ಕಥೆಗೆ ಅಂತ ಕವರುಗಳ ಬೆನ್ನಿಗೆ ಬರೆದಿಟ್ಟಿದ್ದೆ.

"ಬೇಜಾರಾಯ್ತಾ?" ಅಂತ ಕೇಳಿದಳು.

"ಇಲ್ಲಪ್ಪ. ಖುಷಿ."

"ಸುಳ್ಳು. ಕೂದಲು ಅಂದ ದಿನ ನೋಡ್ಬೇಕಿತ್ತು ನಿನ್ನ ಮುಖ. ಪೆನ್ ಕೆಳಗಿಟ್ಟು ನನ್ನ ಕಡೆ ತಿರುಗಿದೆ. 'ಇನ್ನೊಂದ್ಸಲ ಹೇಳು ಪುಟ್ಟಾ' ಅಂದೆ. ಪುಟ್ಟಾ ಅಂತೆ! ಅದಕ್ಕೇ ಆಮೇಲೆಲ್ಲ ಹುಡುಕಿ ಹುಡುಕಿ ಹೇಳ್ತಿದ್ದೆ."

"ಏನನ್ನ ಹುಡುಕಿ?"

"ಮಸುಕಾಗಿರೋದನ್ನೆಲ್ಲ."

ಅವಳು ಇದನ್ನು ದೂರುವ ಹಾಗೆ ಹೇಳಲಿಲ್ಲ. ಕ್ಲಾಸಿನಲ್ಲಿ ಕದ್ದು ತಿಂಡಿ ತಿಂದದ್ದನ್ನು ಹೇಳುವ ಹಾಗೆ, ನಗುತ್ತಾ ಹೇಳಿದಳು. ಕ್ಲಾಸಿನಲ್ಲಿ ಬೋರ್ಡು ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡಳಂತೆ. ಸಂಜೆ ರಸ್ತೆ ದಾಟಲು ಯಾರಾದರೂ ದಾಟುವವರೆಗೆ ಕಾದಳಂತೆ. ಒಂದು ದಿನ ಆಟಕ್ಕೆ ಅಂತ ಗೆಳತಿಯ ಕನ್ನಡಕ ಹಾಕಿಕೊಂಡಳಂತೆ. ದೀಪಕ್ಕೆ ಕೂದಲೇ ಇರಲಿಲ್ಲವಂತೆ.

"ಅಪ್ಪನಿಗೆ ಹೇಳಿದೆ. ಅಪ್ಪ ಏನೂ ಕೇಳಲಿಲ್ಲ. 'ನಡಿ' ಅಂದ."

೧೧

ಸಿದ್ಧಾಂತದ ಪರಿಷ್ಕೃತ ಆವೃತ್ತಿ.

ಸೂತ್ರ ಒಂದು: ಕಿವಿ ಇತ್ತು. ತೊಂದರೆ ಅದರದಲ್ಲ.

ಸೂತ್ರ ಎರಡು: ಉಪಮೆ ತಾನಾಗಿ ಬಿದ್ದಿರುವುದಿಲ್ಲ. ಯಾರೋ ನಿಮ್ಮ ಗಮನ ಸಿಗಲಿ ಅಂತ ತಂದು ಇಟ್ಟಿರುತ್ತಾರೆ.

ಸೂತ್ರ ಮೂರು:

(ಮೂರನೆಯದು ಹಾಗೇ ಇದೆ. ಯಾವುದೂ ವ್ಯರ್ಥವಲ್ಲ. ಅದನ್ನು ಹೊಡೆದುಹಾಕಲು ಹೋದೆ, ಕೈ ಬರಲಿಲ್ಲ. ಈ ಬರಹವೇ ಅದಕ್ಕೆ ಸಾಕ್ಷಿ. ಇದಕ್ಕಿಂತ ಹೆಚ್ಚು ನಾಚಿಕೆ ಪಡುವ ವಿಧಾನ ನನಗೆ ಗೊತ್ತಿಲ್ಲ.)

೧೨

ಸಂಪಾದಕಿ ಮತ್ತೆ ಫೋನ್ ಮಾಡಿದರು. "ಮುಗೀತಾ ಮೇಡಂ? ಕೊನೆಗೆ ಏನಾದ್ರೂ ಭರವಸೆ ಇರಲಿ."

ಭರವಸೆ ಬೇಕಾದವರು ದಯವಿಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ. ಬೆವರಬೇಡಿ, ಇದು ಪರೀಕ್ಷೆಯಲ್ಲ. ಎರಡು ಲೆನ್ಸು ತೋರಿಸುತ್ತೇನೆ. ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ, ಹೇಳಿ.

ಇದರಲ್ಲಿ: ಅಂಗಡಿ ಮುಚ್ಚುವ ಹೊತ್ತಿಗೆ ಮಗಳು ಬರುತ್ತಾಳೆ. ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ, ಕಾಲು ನೆಲಕ್ಕೆ ಎಟುಕುತ್ತದೆ. ನಾನು ಒಂದೊಂದೇ ಲೆನ್ಸು ಬದಲಿಸುತ್ತೇನೆ. ನಂಬರು ಮೊದಲೇ ಗೊತ್ತಿದ್ದರೂ ಇಬ್ಬರೂ ಗೊತ್ತಿಲ್ಲದವರ ಹಾಗೆ ಇರುತ್ತೇವೆ. ಅವಳ ಭುಜ ಇಳಿಯುತ್ತದೆ.

ಇದರಲ್ಲಿ: ನಾನು ಬರೆಯುವುದನ್ನು ಬಿಡುತ್ತೇನೆ. ಕವರುಗಳನ್ನೆಲ್ಲ ಯಜಮಾನರ ಕಸದ ಬುಟ್ಟಿಗೆ ಹಾಕುತ್ತೇನೆ. ಕರೆದಾಗ "ಬಂದೆ" ಅನ್ನದೆ ಎದ್ದು ಹೋಗುತ್ತೇನೆ. ಮನೆ ಶಾಂತವಾಗಿರುತ್ತದೆ. ದೀಪಗಳು ದೀಪದ ಹಾಗೆ ಇರುತ್ತವೆ.

ಮತ್ತೊಮ್ಮೆ ತೋರಿಸಲಾ? ಇದರಲ್ಲಿ... ಇದರಲ್ಲಿ.

"ಎರಡೂ ಒಂದೇ ಥರ ಕಾಣುತ್ತೆ" ಅಂತ ಗಿರಾಕಿ ಅಂದಾಗ ನಾವು ಟೆಸ್ಟ್ ನಿಲ್ಲಿಸುತ್ತೇವೆ. ಅಷ್ಟಕ್ಕೆ ಮುಗಿಯಿತು ಅಂತ ಅರ್ಥ. ನಿಮಗೆ ಹಾಗೆ ಕಂಡರೆ ನೀವು ಇಲ್ಲೇ ಇಳಿದು ಹೋಗಬಹುದು. ನನಗೆ ಇನ್ನೂ ಹಾಗೆ ಕಾಣುತ್ತಿಲ್ಲ. ಮೊದಲನೆಯದು ನಡೆಯಲಿಲ್ಲ. ಕರೆದೆ, ಅವಳು "ಯಾಕಮ್ಮ, ಸರಿ ಇದೆಯಲ್ಲ" ಅಂದಳು. ಎರಡನೆಯದೂ ನಡೆಯಲಿಲ್ಲ ಅನ್ನುವುದಕ್ಕೆ ನೀವು ಓದುತ್ತಿರುವುದೇ ಗುರುತು.

ಒಳಗಿನಿಂದ ಕರೆಯುತ್ತಿದ್ದಾಳೆ. ಲೆಕ್ಕದ ಯಾವುದೋ ಪ್ರಶ್ನೆ ಬಿಡಿಸಲು ಬರುತ್ತಿಲ್ಲವಂತೆ.

ಬಂದೆ ಅಂದೆ.

ಅವಳು ಇನ್ನೊಮ್ಮೆ ಕರೆಯಲಿಲ್ಲ. ನಾನು ಇನ್ನೂ ಎದ್ದಿಲ್ಲ. ಎದ್ದೆನೋ ಇಲ್ಲವೋ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಎದ್ದಿಲ್ಲ ಅಂತಲೇ ಆಗುತ್ತದೆ. ಮೊದಲನೇ ಪ್ಯಾರಾದಲ್ಲಿ ಕೊಟ್ಟ ಮಾತಿನ ಲೆಕ್ಕ ಮಾತ್ರ ಒಂದು ಬಾಕಿ ಇದೆ, ಅದನ್ನು ಹೇಳಿಬಿಡುತ್ತೇನೆ.

ನಾನೇ ನೋಡ್ತೀನಿ ಅಂದಿದ್ದೆ. ನೋಡಲಿಲ್ಲ.